ಗೌರಿಬಿದನೂರಿನ ಒಂದೇ ಮನೆ

"ನಿಮ್ಮ ಹತ್ರ ಲೈಸೆನ್ಸ್ ಇದೆಯಾ ಮೇಸ್ತ್ರಿಗಳೇ?" ಎಂದು ಕವಿತ ಟೀಚರ್ ಕೇಳಿದಾಗ ಆವಲಪ್ಪನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಬೈಕಿನ ಲೈಸೆನ್ಸ್ ಅಲ್ಲಿತ್ತು. ಮೂವತ್ತೊಂದು ವರ್ಷದಿಂದ ಮನೆ ಕಟ್ಟುತ್ತಿದ್ದ ಮನುಷ್ಯನಿಗೆ ಆ ಪ್ರಶ್ನೆಯನ್ನು ಟ್ರಾಫಿಕ್ ಪೊಲೀಸರು ಬಿಟ್ಟರೆ ಬೇರೆ ಯಾರೂ ಕೇಳಿರಲಿಲ್ಲ.

"ಅದಲ್ಲ, ಮನೆ ಕಟ್ಟೋಕೆ. ಕಂಟ್ರಾಕ್ಟರ್ ಲೈಸೆನ್ಸು," ಎಂದು ಟೀಚರ್ ಬಿಡಿಸಿ ಹೇಳಿದರು.

ಇಬ್ಬರೂ ಚಿಕ್ಕಬಳ್ಳಾಪುರದ ಬೈಪಾಸ್ ಪಕ್ಕದ ಹೊಸ ಬಡಾವಣೆಯಲ್ಲಿ ನಿಂತಿದ್ದರು. ನಾಲ್ಕು ವರ್ಷದ ಹಿಂದೆ ಅದು ದ್ರಾಕ್ಷಿ ತೋಟ. ಈಗ ಗಡಿಗಲ್ಲು ನೆಟ್ಟು, ಅದಕ್ಕೆ ಹಳದಿ ಬಣ್ಣ ಬಳಿದು, ವಿಮಾನ ನಿಲ್ದಾಣ ಇಲ್ಲೇ ಪಕ್ಕದಲ್ಲಿದೆ ಎಂದು ಬೋರ್ಡು ಹಾಕಿ, ಚದರಡಿಗೆ ಬಾಯಿಗೆ ಬಂದ ರೇಟು ಹೇಳುವ ಜಾಗ. ಅದರಲ್ಲಿ ಮೂವತ್ತು ನಲವತ್ತರ ಒಂದು ಸೈಟು ಟೀಚರದ್ದು. ಟೀಚರ್ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು, ಗಂಡ ಮೋಹನ್‌ಬಾಬು ವಿದ್ಯುತ್ ಇಲಾಖೆಯಲ್ಲಿ. ಮನೆಯ ವಿಷಯವನ್ನು ಗಂಡ ಪೂರ್ತಿ ಹೆಂಡತಿಗೆ ಬಿಟ್ಟಿದ್ದರು. ಬಿಟ್ಟದ್ದೇ ಒಳ್ಳೆಯದಾಯಿತು ಎನ್ನಬೇಕು. ಟೀಚರ ಕೈಯಲ್ಲಿ ಒಂದು ನೀಲಿ ಫೈಲು, ಫೈಲಿನಲ್ಲಿ ಪ್ಲಾನು, ಬ್ಯಾಂಕಿನ ಸಾಲದ ಪತ್ರ, ಮತ್ತು ಬೆಂಗಳೂರಿನ ಒಂದು ಪ್ಯಾಕೇಜ್ ಕಂಪನಿಯ ಮಿರಮಿರ ಮಿಂಚುವ ಕಾಗದ. ಚದರಡಿಗೆ ಸಾವಿರದ ಎಂಟುನೂರ ಐವತ್ತು, ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ನೀವು ಬೀಗದ ಕೈ ತೆಗೆದುಕೊಂಡರೆ ಸಾಕು ಎಂದು ಅದರಲ್ಲಿ ಅಚ್ಚಾಗಿತ್ತು. ಸಂಪು, ಕಾಂಪೌಂಡು, ಮೆಟ್ಟಿಲು ಎಲ್ಲಕ್ಕೂ ಬೇರೆ ದುಡ್ಡು ಅನ್ನುವುದು ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿ ಕೆಳಗಿತ್ತು. ಆವಲಪ್ಪ ಅದನ್ನು ಕನ್ನಡಕವಿಲ್ಲದೆಯೂ ಓದಿದ್ದ.

ಅವನ ಲೆಕ್ಕ ಸರಳ. ಸಾಮಾನು ಸಮೇತ ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡು ಲಕ್ಷ, ಸಂಪು ಕಾಂಪೌಂಡು ಎಲ್ಲ ಸೇರಿ. ಹನ್ನೆರಡು ಚದರದ ಮನೆ. ಈ ಕೆಲಸ ಅವನಿಗೆ ಬೇಕೇ ಬೇಕಿತ್ತು. ಸೈಟಿನ ರೇಟು ಏರಿದ ಹಾಗೆಲ್ಲ ಮನೆ ಕಟ್ಟುವವರು ಹೆಚ್ಚುತ್ತಾರೆ ಎಂದು ಜನ ತಿಳಿಯುತ್ತಾರೆ, ಆದರೆ ಆಗುವುದು ಬೇರೆ. ಸೈಟಿಗೇ ದುಡ್ಡೆಲ್ಲ ಸುರಿದವನು ಮನೆಯನ್ನು ಮುಂದಿನ ವರ್ಷಕ್ಕೆ ಎನ್ನುತ್ತಾನೆ. ಕಟ್ಟುವ ನಾಲ್ಕು ಜನರ ಬಳಿಗೆ ಪ್ಯಾಕೇಜಿನವರು ಕಾರಿನಲ್ಲಿ ಬರುತ್ತಾರೆ. ಎರಡು ತಿಂಗಳಿಂದ ಆವಲಪ್ಪನ ಒಂಬತ್ತು ಜನರ ತಂಡಕ್ಕೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಇಬ್ಬರು ಆಗಲೇ ದೇವನಹಳ್ಳಿ ಕಡೆ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಉಳಿದವರಲ್ಲಿ ಕಂಬಿ ಕಟ್ಟುವ ಗಂಗರಾಜು ಇಪ್ಪತ್ತಾರು ವರ್ಷದಿಂದ ಜೊತೆಗಿದ್ದವನು. ಅವನೂ ಮೊನ್ನೆ, "ಅಣ್ಣ, ಈ ತಿಂಗ್ಳು ನೋಡ್ತೀನಿ," ಅಂದಿದ್ದ. ಗಂಗರಾಜು ಹೋದರೆ ತಂಡ ಮುಗಿದ ಹಾಗೆ. ಐವತ್ತೇಳನೇ ವಯಸ್ಸಿನಲ್ಲಿ ಹೊಸ ತಂಡ ಕಟ್ಟುವುದು ಎರಡನೇ ಮದುವೆಯ ಹಾಗೆ, ಆಸೆ ಇದ್ದರೂ ಮೈ ಬಗ್ಗುವುದಿಲ್ಲ.

ಅದಕ್ಕೇ ಟೀಚರ್ ಕೇಳಿದ ಲೈಸೆನ್ಸನ್ನು ಆವಲಪ್ಪ ಸೀರಿಯಸ್ಸಾಗಿ ತೆಗೆದುಕೊಂಡ. ಮಾರನೇ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಲೋಕೋಪಯೋಗಿ ಕಚೇರಿಗೆ ಹೋದ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು.

"ನಮ್ಮದು ಸರ್ಕಾರಿ ಕೆಲಸಕ್ಕೆ ಕೊಡೋದು ಮೇಸ್ತ್ರಿ. ರೋಡು, ಚರಂಡಿ, ಸ್ಕೂಲ್ ಕಟ್ಟಡ. ಜನರ ಮನೆ ಕಟ್ಟೋಕೆ ಅದು ಬೇಕಾಗಿಲ್ಲ."

"ಮತ್ತೆ ಅದಕ್ಕೆ ಯಾವ್ದು ಬೇಕು ಸ್ವಾಮಿ?"

"ಪ್ಲಾನ್‌ಗೆ ಎಂಜಿನಿಯರ್ ಸಹಿ ಬೇಕು. ನಗರಸಭೆ ಒಪ್ಪಿಗೆ ಬೇಕು. ಅದೆಲ್ಲ ಓನರ್ ಮಾಡಿಸ್ಕೋತಾರೆ. ನಿನಗೆ ಏನೂ ಬೇಡ."

ಬೀಡಾ ಅಂಗಡಿ ಇಡಲು ಲೈಸೆನ್ಸ್ ಬೇಕು, ಆಟೋ ಓಡಿಸಲು ಬೇಕು. ಒಂದು ಸಂಸಾರದ ತಲೆಯ ಮೇಲೆ ಅರ್ಧ ಅಡಿ ದಪ್ಪದ ಕಾಂಕ್ರೀಟು ನಿಲ್ಲಿಸುವವನಿಗೆ ಏನೂ ಬೇಡ. ಆವಲಪ್ಪನಿಗೆ ಮೊದಲು ಸಂತೋಷವಾಯಿತು, ಬಸ್ಸು ಹತ್ತುವ ಹೊತ್ತಿಗೆ ಯಾಕೋ ಅವಮಾನವೂ ಆಯಿತು. ಮೂವತ್ತೊಂದು ವರ್ಷದ ಕೆಲಸವನ್ನು ಸರ್ಕಾರ ಲೆಕ್ಕಕ್ಕೇ ಇಟ್ಟಿಲ್ಲವಲ್ಲ!

ಟೀಚರಿಗೆ ಫೋನಿನಲ್ಲಿ ಇದನ್ನು ಹೇಳುವಾಗ ಆ ಅವಮಾನವೇ ಬಾಯಿಗೆ ಬಂತು. "ಲೈಸೆನ್ಸ್ ಅಂತ ಒಂದು ಇಲ್ವಂತೆ ಮೇಡಂ. ನಾನು ಕಟ್ಟಿರೋ ಮನೆಗಳೇ ನನ್ನ ಲೈಸೆನ್ಸು. ನಾಕು ತಾಲ್ಲೂಕಲ್ಲೂ ಕಟ್ಟಿದೀನಿ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು. ಎಲ್ಲಿಗೆ ಬೇಕಾದ್ರೂ ಹೋಗಿ ಕೇಳಿ."

"ಒಳ್ಳೇದಾಯ್ತು," ಅಂದರು ಟೀಚರ್. "ಶನಿವಾರ ಹೋಗೋಣ. ಊರಿಗೊಂದು ಮನೆ ತೋರಿಸಿ. ಹೊಸ ಮನೆ ಬೇಡ, ಹತ್ತು ವರ್ಷವಾದ್ರೂ ಆಗಿರ್ಬೇಕು. ಹೊಸದರಲ್ಲಿ ಎಲ್ಲಾ ಮನೇನೂ ಚೆನ್ನಾಗಿರುತ್ತೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಿಕ್ಕ ಮೂರು ಊರಿನಲ್ಲಿ ಬೇಕಾದಷ್ಟು ಮನೆಗಳಿದ್ದವು. ಗೌರಿಬಿದನೂರಿನಲ್ಲಿ ಆವಲಪ್ಪ ಕಟ್ಟಿದ್ದು ಒಂದೇ ಒಂದು. ಆ ಮನೆ ಇರುವ ಬೀದಿಗೆ ಅವನು ಒಂಬತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ.

ಹೆಂಡತಿ ಮಂಗಮ್ಮನಿಗೆ ವಿಷಯ ಹೇಳಿದ. ಅವಳು ಅಕ್ಕಿ ಆರಿಸುತ್ತಾ, "ಜ್ವರ ಅಂದ್ಬಿಡು," ಅಂದಳು. ಆಮೇಲೆ, "ಜ್ವರ ಅಂದ್ರೆ ಕೆಲ್ಸಾನೂ ಹೋಗುತ್ತಲ್ವಾ?" ಎಂದು ತಾನೇ ಉತ್ತರವನ್ನೂ ಹೇಳಿಕೊಂಡಳು. ಆವಲಪ್ಪ ಶನಿವಾರ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡ.

ಟೀಚರೇ ಕಾರು ಓಡಿಸಿದರು. ಚಿಂತಾಮಣಿಯಲ್ಲಿ ಕಾಳಿನ ವ್ಯಾಪಾರಿ ರಮೇಶ್‌ಬಾಬು ಮನೆ. ಅವರು ತಾರಸಿಗೆ ಕರೆದುಕೊಂಡು ಹೋಗಿ, "ಹದಿನಾರು ಮಳೆಗಾಲ ಮೇಡಂ, ಒಂದು ಹನಿ ಒಳಕ್ಕೆ ಬಂದಿಲ್ಲ," ಎಂದು ಕಾಲಿನಿಂದ ಗುದ್ದಿ ತೋರಿಸಿದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆ. ಕೆಳಗೆ ಕುದಿಯುವ ನೀರಿನ ತೊಟ್ಟಿಗಳು, ಹಗಲೆಲ್ಲಾ ಹಬೆ, ಆದರೂ ಮೇಲಿನ ಕಾಂಕ್ರೀಟ್ ಮೋಲ್ಡು ಕಲ್ಲಿನ ಹಾಗಿತ್ತು. ಟೀಚರ್ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿ ಇಟ್ಟು ಕೇಳುತ್ತಿದ್ದರು. ಎಲ್ಲಿ ಕಲಿತರೋ, ಕಲಿತದ್ದು ಸರಿಯಾಗಿಯೇ ಇತ್ತು. ಚಿಕ್ಕಬಳ್ಳಾಪುರದ ಮನೆಯನ್ನೂ ನೋಡಿಕೊಂಡು ಹೊರಟಾಗ ಅವರ ಮುಖ ಹಗುರಾಗಿತ್ತು.

"ಪ್ಯಾಕೇಜಿನವರು ಹಳೇ ಮನೆ ತೋರಿಸಿ ಅಂದ್ರೆ ಫೋಟೋ ಕಳಿಸ್ತಾರೆ ಮೇಸ್ತ್ರಿಗಳೇ. ನೀವು ಪರವಾಗಿಲ್ಲ."

ಮಂಚೇನಹಳ್ಳಿಯಲ್ಲಿ ಟೀಗೆ ನಿಲ್ಲಿಸಿದಾಗ ಗಂಗರಾಜು ಫೋನು ಮಾಡಿದ. "ಅಣ್ಣ, ಏನಾಯ್ತು? ಹುಡುಗ್ರು ಕೇಳ್ತಾವ್ರೆ."

"ಇನ್ನೊಂದು ಮನೆ ಬಾಕಿ ಐತೆ ಕಣೋ," ಅಂದ ಆವಲಪ್ಪ. ಟೀ ಅರ್ಧಕ್ಕೇ ಬಿಟ್ಟ.

ಆ ಇನ್ನೊಂದು ಮನೆಯ ಕಥೆ ಇಷ್ಟು. ಹನ್ನೊಂದು ವರ್ಷದ ಹಿಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಜಯರಾಮಪ್ಪನವರು ಹತ್ತು ಚದರದ ಮನೆ ಕಟ್ಟಿಸಿದರು, ಸಾಮಾನು ಸಮೇತ ಆವಲಪ್ಪನಿಗೇ ವಹಿಸಿ. ಪಾಯ, ಗೋಡೆ, ಮೋಲ್ಡು ಎಲ್ಲ ಸರಿಯಾಗಿಯೇ ಆಯಿತು. ಒಳಗಿನ ಪ್ಲಾಸ್ಟರಿಂಗಿನ ಹೊತ್ತಿಗೆ ಮರಳು ನಿಂತುಹೋಯಿತು. ಹೊಳೆ ಮರಳಿಗೆ ಪರ್ಮಿಟ್ ಇಲ್ಲ, ಕಲ್ಲು ಪುಡಿಯ ಎಂ ಸ್ಯಾಂಡನ್ನು ಆಗ ಈ ಕಡೆ ಯಾರೂ ನಂಬುತ್ತಿರಲಿಲ್ಲ. ಸಿಗುತ್ತಿದ್ದದ್ದು ಫಿಲ್ಟರ್ ಮರಳು. ಕೆರೆಯಂಗಳದ್ದೋ ಹೊಲದ್ದೋ ಮಣ್ಣನ್ನು ನೀರಿನಲ್ಲಿ ತೊಳೆದು, ಸೋಸಿ, ಪೊಲೀಸರ ಕಣ್ಣು ತಪ್ಪಿಸಿ ಮಾರುತ್ತಿದ್ದ ಮಾಲು. ನೋಡಲು ಮರಳೇ. ಆವಲಪ್ಪ ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದ. ಮಣ್ಣು ಅಂಗೈಗೆ ಮೆತ್ತಿಕೊಂಡಿತು. ಇದು ಗಾರೆಗೆ ಆಗುವುದಿಲ್ಲ ಎಂದು ಅವನಿಗೆ ಆ ಕ್ಷಣವೇ ಗೊತ್ತಿತ್ತು. ಗೃಹಪ್ರವೇಶದ ಕಾರ್ಡು ಅಚ್ಚಾಗಿತ್ತು, ಚಿಂತಾಮಣಿಯಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು. ಮೂರು ಲೋಡು ಹಾಕಿಸಿದ.

ಒಂದೂವರೆ ವರ್ಷಕ್ಕೆ ಗೋಡೆಗಳು ಉಬ್ಬಿದವು. ತಟ್ಟಿದರೆ ಡಬ್ ಡಬ್ ಎನ್ನುತ್ತಿದ್ದವು. ಜಯರಾಮಪ್ಪನವರು ಹೇಳಿಕಳಿಸಿದರು. ಆವಲಪ್ಪ ಹೋಗಿ, ತಲೆ ಕೆರೆದುಕೊಂಡು, ನಮ್ಮ ಕಡೆಯ ಪ್ರತಿಯೊಬ್ಬ ಮೇಸ್ತ್ರಿಯೂ ಇಂಥ ಹೊತ್ತಿನಲ್ಲಿ ಹೇಳುವ ಮಾತನ್ನೇ ಹೇಳಿದ. "ನೀರು ಸಾಲ್ದೇ ಹೋಯ್ತು ಯಜಮಾನ್ರೇ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು ನಮ್ಮಲ್ಲಿ ಮೇಸ್ತ್ರಿಯ ಕೆಲಸವಲ್ಲ, ಮನೆಯವರದ್ದು. ಕಟ್ಟುವವನು ಕಟ್ಟಿ ಹೋಗುತ್ತಾನೆ. ಪೈಪೋ ಬಿಂದಿಗೆಯೋ ಹಿಡಿದು ನೆನೆಸುವುದು ಮನೆಯ ಹೆಂಗಸರ ಪಾಲು. ಆದ್ದರಿಂದ ಗೋಡೆ ಬಿರಿಯಲಿ, ಉದುರಲಿ, ಮೇಸ್ತ್ರಿಯ ಬಾಯಲ್ಲಿ ಉತ್ತರ ಸಿದ್ಧ. ನೀರು ಸಾಕಾಗಿತ್ತು ಎಂದು ಯಾವ ಹೆಂಗಸು ತಾನೇ ರುಜುವಾತು ಮಾಡಿಯಾಳು? ಒಣಗಿದ ಗೋಡೆ ಸಾಕ್ಷಿ ಹೇಳುವುದಿಲ್ಲ. ಅವತ್ತು ಆವಲಪ್ಪ ಆ ಮಾತು ಹೇಳಿದಾಗ ಜಯರಾಮಪ್ಪನವರು ಅವನ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿದರು.

ಈಗ ಬಾಗಿಲು ತೆಗೆದದ್ದು ಆ ಹೆಂಡತಿಯೇ, ಚಿಕ್ಕವೆಂಕಟಮ್ಮ. ಕೂದಲು ಬೆಳ್ಳಗಾಗಿತ್ತು, ಹಣೆ ಬರಿದಾಗಿತ್ತು. ಆವಲಪ್ಪನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಅಯ್ಯೋ, ಮೇಸ್ತ್ರಿ! ರಾ ನಾಯ್ನಾ, ಒಳಕ್ ಬಾ. ಎಷ್ಟು ವರ್ಷ ಆಗೋಯ್ತಪ್ಪ. ಯಜಮಾನ್ರು ಹೋದಾಗ್ಲೂ ಬರ್ಲಿಲ್ಲ ನೀನು."

"ಗೊತ್ತಾಗ್ಲಿಲ್ಲಮ್ಮ," ಅಂದ ಆವಲಪ್ಪ. ಅದು ನಿಜವೇ ಆಗಿತ್ತು. ಗೊತ್ತಾಗಿದ್ದರೂ ಬರುತ್ತಿರಲಿಲ್ಲ ಅನ್ನುವುದೂ ನಿಜ.

ಆಕೆ ಇಬ್ಬರನ್ನೂ ಹಾಲಿನಲ್ಲಿ ಕೂರಿಸಿ ಮಜ್ಜಿಗೆ ತಂದರು. ಮಗ ಮಧುಕುಮಾರ್ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವುದನ್ನೂ, ಸೊಸೆ ತನುಜ ಹೊಲಿಗೆ ಕ್ಲಾಸಿಗೆ ಹೋಗಿರುವುದನ್ನೂ ಹೇಳಿದರು. ಟೀಚರ ಕಣ್ಣು ಗೋಡೆಗಳ ಮೇಲೆ ಓಡಾಡುತ್ತಿತ್ತು. ಸೊಂಟದೆತ್ತರಕ್ಕೆ ಟೈಲ್ಸು ಅಂಟಿಸಿ ಮುಚ್ಚಿದ್ದರು. ಅದರ ಮೇಲೆ ಅಲ್ಲಲ್ಲಿ ತೇಪೆ, ತೇಪೆಯ ಸುತ್ತ ಮತ್ತೆ ಉಬ್ಬು. ಟೀಚರ್ ಎದ್ದು ಹೋಗಿ ತಟ್ಟಿದರು. ಡಬ್ ಎಂದಿತು.

"ಇದೇನಮ್ಮ ಇದು, ಗೋಡೆ ಹಿಂಗಾಗಿದೆ?"

ಆವಲಪ್ಪ ಮಜ್ಜಿಗೆ ಲೋಟವನ್ನು ಕೆಳಗಿಟ್ಟ. ಮುಗಿಯಿತು ಅಂದುಕೊಂಡ.

"ಅದು ಮೇಸ್ತ್ರಿ ತಪ್ಪಲ್ಲಮ್ಮ," ಅಂದರು ಚಿಕ್ಕವೆಂಕಟಮ್ಮ. "ಅವ್ರು ಚಿನ್ನದಂಗೆ ಕಟ್ಟಿಕೊಟ್ರು. ನೀರು ಹೊಡೆಯೋದ್ರಲ್ಲಿ ನಾನೇ ತಪ್ಪು ಮಾಡ್ದೆ. ನಾನೇ ಸರಿಯಾಗಿ ಹೊಡೀಲಿಲ್ಲ. ನೀವು ಕಟ್ಟಿಸಿದ್ರೆ ಅದೊಂದು ನೋಡ್ಕೊಳ್ಳಿ. ಮೇಸ್ತ್ರಿ ಬಗ್ಗೆ ಯೋಚ್ನೆ ಮಾಡ್ಬೇಡಿ."

ಟೀಚರ್ ಒಂದು ಸಲ ಗೋಡೆ ನೋಡಿದರು, ಒಂದು ಸಲ ಆಕೆಯನ್ನು ನೋಡಿದರು. ಕಟ್ಟಿಸಿಕೊಂಡವರೇ ಹೀಗೆ ಹೇಳಿದ ಮೇಲೆ ಇನ್ನೇನು? ಸೋಫಾಕ್ಕೆ ವಾಪಸ್ಸು ಬಂದು, ನೀಲಿ ಫೈಲಿನಿಂದ ಪ್ಯಾಕೇಜಿನವರ ಕಾಗದ ತೆಗೆದು ಎರಡಾಗಿ ಮಡಿಚಿ ಕೈಚೀಲಕ್ಕೆ ಹಾಕಿದರು. "ಸೋಮವಾರ ಬನ್ನಿ ಮೇಸ್ತ್ರಿಗಳೇ. ನಮ್ಮನೆಯವರೂ ಇರ್ತಾರೆ, ಅಗ್ರಿಮೆಂಟ್ ಮಾಡಿಬಿಡೋಣ."

ಕೆಲಸ ಸಿಕ್ಕಿತು. ಗಂಗರಾಜು ಉಳಿದ, ತಂಡ ಉಳಿಯಿತು. ಆವಲಪ್ಪ ಆಗಲೇ ಎದ್ದು ಬಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಏಳಲೂ ಹೊರಟಿದ್ದ. ಆದರೆ ಚಿಕ್ಕವೆಂಕಟಮ್ಮನವರಿಗೆ ಮಾತಾಡಲು ಜನ ಸಿಕ್ಕಿದ್ದರು.

"ನಾನೇನು ಸುಮ್ನೆ ಕೂತಿರ್ಲಿಲ್ಲಮ್ಮ," ಎಂದು ಟೀಚರಿಗೆ ಹೇಳುತ್ತಿದ್ದರು. "ಆ ಬೇಸಿಗೇಲಿ ನಮ್ಮ ಬೋರು ನಿಂತೋಗಿತ್ತು. ಟ್ಯಾಂಕರ್ ನೀರು ಡ್ರಮ್ಮಿಗೆ ತುಂಬಿಸ್ಕೊಂಡು, ಬಿಂದಿಗೇಲಿ ಹೊತ್ಕೊಂಡು ಬಂದು ಚೊಂಬಲ್ಲಿ ಎರಚ್ತಿದ್ದೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಅವತ್ತಿಂದ ಹಿಡ್ಕೊಂಡಿದ್ದು ಈ ಸೊಂಟ. ಆದ್ರೂ ಎಲ್ಲೋ ಬಿಟ್ಟಿರ್ಬೇಕು ನಾನು. ಮೇಸ್ತ್ರಿ ಸುಳ್ಳು ಹೇಳ್ತಾರಾ? ಯಜಮಾನ್ರು ಕೊನೇವರ್ಗೂ ಮರೀಲಿಲ್ಲ. ಬಂದೋರ ಮುಂದೆಲ್ಲಾ ಗೋಡೆ ತೋರ್ಸೋರು, ಹನ್ನೆರಡು ಲಕ್ಷದ ಮನೆ, ಇವಳ ಸೋಮಾರಿತನಕ್ಕೆ ಹಿಂಗಾಯ್ತು ಅಂತ. ಮೊಮ್ಮಗೂನೂ ಅಂಗೇ ಅಂತದೆ ಈಗ, ಅಜ್ಜಿ ಹಾಳು ಮಾಡಿದ ಗೋಡೆ ಅಂತ." ಇಷ್ಟು ಹೇಳಿ ನಕ್ಕರು. ನಗುವುದನ್ನು ಅಭ್ಯಾಸ ಮಾಡಿಕೊಂಡವರ ನಗು ಅದು.

ಆವಲಪ್ಪನಿಗೆ ನಾಚಿಕೆಯಾಯಿತು. ಅದಕ್ಕೆ ಬೇರೆ ಹೆಸರೇನೂ ಇಲ್ಲ. ಅವತ್ತು ತನ್ನ ತಲೆ ಉಳಿಸಿಕೊಳ್ಳಲು ಆಡಿದ ಒಂದು ಮಾತು, ಬಸ್ಸು ಹತ್ತುವಷ್ಟರಲ್ಲಿ ತಾನು ಮರೆತ ಮಾತು, ಈ ಮನೆಯಲ್ಲಿ ಒಂಬತ್ತು ವರ್ಷ ದಿನಾ ಅನ್ನ ತಿಂದುಕೊಂಡು ಬದುಕಿತ್ತು.

"ಅಮ್ಮ," ಅಂದ. "ಎಷ್ಟು ದಿನ ಹೊಡೆದ್ರಿ?"

"ಇಪ್ಪತ್ತೊಂದು ದಿನ ಕಣಪ್ಪ. ನೀನೇ ಹೇಳಿದ್ದಲ್ವಾ?"

"ಗಾರೆಗೆ ಹತ್ತು ದಿನ ಹೊಡೆದ್ರೆ ಸಾಕಮ್ಮ."

ಆಕೆಗೆ ಅರ್ಥವಾಗಲಿಲ್ಲ. ಟೀಚರಿಗೆ ಆಯಿತೋ ಏನೋ, ಕೈಚೀಲದ ಜಿಪ್ಪು ಎಳೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

"ನೀರು ಸಾಕಾಗಿತ್ತಮ್ಮ. ಮರಳು ಸರಿ ಇರ್ಲಿಲ್ಲ. ಫಿಲ್ಟರ್ ಮರಳು, ಬರೀ ಮಣ್ಣು. ನಾನೇ ಹಾಕಿಸ್ದೆ. ಆ ಮಣ್ಣಿಗೆ ನೀವು ಇಪ್ಪತ್ತೊಂದು ದಿನ ಅಲ್ಲ, ವರ್ಷಪೂರ್ತಿ ಹೊಡೆದಿದ್ರೂ ನಿಲ್ತಿರ್ಲಿಲ್ಲ."

ಚಿಕ್ಕವೆಂಕಟಮ್ಮ ಮಜ್ಜಿಗೆಯ ಲೋಟಗಳನ್ನು ಒಂದರೊಳಗೊಂದು ಇಟ್ಟರು.

"ಗೊತ್ತಿದ್ದೂ ಹಾಕಿದ್ಯಾ?"

"ಗೊತ್ತಿತ್ತಮ್ಮ."

"ಮತ್ತೆ ನೀರು ಸಾಲ್ದೇ ಹೋಯ್ತು ಅಂದೆ."

"ಅಂದೆ."

"ಯಜಮಾನ್ರ ಮುಂದೆ ಅಂದೆ."

"ಹೂನಮ್ಮ."

ಟೀಚರ್ ಕೇಳಿದರು, "ಬೇರೆ ಮನೆಗಳಿಗೂ ಅದನ್ನೇ ಹಾಕಿದ್ರಾ?"

"ಇಲ್ಲ ಮೇಡಂ. ಇದೊಂದಕ್ಕೇ."

ಟೀಚರ್ ನಂಬಿದರು ಅಂತಲೇ ಆವಲಪ್ಪನಿಗೆ ಕಂಡಿತು. ನಂಬಿಯೂ ಅವರು ಮೆಲ್ಲಗೆ ಹೇಳಿದ್ದು ಹೀಗೆ: "ಮೇಸ್ತ್ರಿಗಳೇ, ಮುಚ್ಚುಮರೆ ಇಲ್ದೆ ಹೇಳ್ತೀನಿ. ನೀವು ಬಾಯಿ ಬಿಡದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಆದ್ರೆ ಗೊತ್ತಾದ್ಮೇಲೆ ಇಪ್ಪತ್ತು ವರ್ಷದ ಸಾಲ ತಲೆ ಮೇಲೆ ಹೊತ್ಕೊಂಡು ಧೈರ್ಯ ಮಾಡೋಕೆ ಆಗ್ತಿಲ್ಲ. ಸೋಮವಾರ ಬರಬೇಡಿ. ನಾನು ಕಾರಲ್ಲಿರ್ತೀನಿ, ನಿಮ್ಮನ್ನ ಚಿಕ್ಕಬಳ್ಳಾಪುರದವರೆಗೂ ಬಿಡ್ತೀನಿ."

ಅದು ನ್ಯಾಯವಾದ ಮಾತೇ. ಆವಲಪ್ಪ ತಲೆ ಆಡಿಸಿದ. ಸತ್ಯ ಹೇಳಿದವನಿಗೆ ದೇವರು ಒಳ್ಳೇದು ಮಾಡುತ್ತಾನೆ ಎಂದು ದೊಡ್ಡವರು ಹೇಳುತ್ತಾರೆ. ಹನ್ನೊಂದು ವರ್ಷ ತಡವಾಗಿ ಹೇಳಿದವನಿಗೂ ಮಾಡುತ್ತಾನೆ ಎಂದು ಯಾರೂ ಹೇಳಿಲ್ಲ. ಗಂಗರಾಜುಗೆ ಏನು ಹೇಳುವುದು ಅನ್ನುವುದೊಂದೇ ಅವನ ತಲೆಯಲ್ಲಿತ್ತು.

ಟೀಚರ್ ಹೊರಗೆ ಹೋದ ಮೇಲೆ ಅವನು ಎದ್ದು ನಿಂತು ಕೈಮುಗಿದ. "ಗೋಡೆ ಪೂರ್ತಿ ಕೆತ್ತಿ ಹೊಸದಾಗಿ ಗಾರೆ ಮಾಡಿಕೊಡ್ತೀನಮ್ಮ. ಹೆಂಗೂ ನಂಗೆ ಕೆಲ್ಸ ಇಲ್ಲ. ಸಾಮಾನು ನಂದೇ, ನೀವು ಒಂದು ಪೈಸೆ ಕೊಡೋದು ಬೇಡ."

"ಗೋಡೆ ಆಮೇಲೆ," ಅಂದರು ಚಿಕ್ಕವೆಂಕಟಮ್ಮ. "ಕೂತ್ಕೋ."

ಅವನು ಕೂತ. ಆಕೆ ಒಳಗೆ ಹೋಗಿ ಫೋನು ತಂದರು. ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಒತ್ತಿ, ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟರು. ಆ ಕಡೆ ಅಂಗಡಿಯ ಗದ್ದಲ. ಯಾರೋ ಚಾರ್ಜರ್ ರೇಟು ಕೇಳುತ್ತಿದ್ದರು.

"ಏನಮ್ಮ? ಕಸ್ಟಮರ್ ಅವ್ರೆ," ಎಂದಿತು ಮಧುಕುಮಾರನ ದನಿ.

"ಇರ್ಲಿ. ಆವಲಪ್ಪ ಮೇಸ್ತ್ರಿ ಬಂದವ್ನೆ. ಅವ್ನೇನೋ ಹೇಳ್ತಾನೆ, ಕೇಳಿಸ್ಕೊ."

ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ ಎಂದರೆ ಅರ್ಧ ಗೌರಿಬಿದನೂರು ಬಂದುಹೋಗುವ ಜಾಗ. ಇಲ್ಲಿ ಆಡಿದ್ದು ಸಂಜೆಯೊಳಗೆ ಮಂಚೇನಹಳ್ಳಿ ದಾಟುತ್ತದೆ ಎಂದು ಆವಲಪ್ಪನಿಗೆ ಗೊತ್ತಿತ್ತು. ಬಾಗಿಲು ತೆರೆದೇ ಇತ್ತು, ಕಾರು ಹೊರಗೇ ನಿಂತಿತ್ತು, ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಅವನು ಫೋನಿನ ಕಡೆ ಬಗ್ಗಿದ.

"ಮಧು, ನಾನಪ್ಪ, ಮೇಸ್ತ್ರಿ. ನಿಮ್ಮನೆ ಗೋಡೆ ಹಾಳಾಗಿದ್ದು ನಿಮ್ಮಮ್ಮನಿಂದ ಅಲ್ಲ. ಮರಳಿಂದ. ಕೆಟ್ಟ ಮರಳು ಅಂತ ಗೊತ್ತಿದ್ದೂ ನಾನೇ ಹಾಕಿಸ್ದೆ. ಆಮೇಲೆ ತಪ್ಪನ್ನ ನಿಮ್ಮಮ್ಮನ ಮೇಲೆ ಹಾಕ್ದೆ."

"ಏನಂದ್ರಿ? ಸರಿಯಾಗ್ ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

ಆವಲಪ್ಪ ಜೋರಾಗಿ, ಒಂದು ಮಾತೂ ಬಿಡದೆ ಇನ್ನೊಂದು ಸಲ ಹೇಳಿದ. ಆ ಕಡೆ ಚಾರ್ಜರ್ ಕೇಳುತ್ತಿದ್ದವನೂ ಸುಮ್ಮನಾದ. "ಅಮ್ಮ?" ಎಂದ ಮಧುಕುಮಾರ್. ದನಿ ಬೇರೆಯಾಗಿತ್ತು. "ಅಮ್ಮ, ಇದ್ದೀಯಾ?"

ಚಿಕ್ಕವೆಂಕಟಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ನಾನು ನೀರು ಹೊಡ್ದಿದ್ದೆ ಕಣೋ ಮಧು," ಅಂದರು. "ದಿನಾ ಹೊಡ್ದಿದ್ದೆ. ನಿಮ್ಮಪ್ಪ ಇದ್ದಿದ್ರೆ ಕೇಳಿಸ್ಕೊಳ್ಳೋರು."